ಅಂಚಿಗೆ ಲೇಸು, ದುಡಿಮೆಗೆ ಬೆಲೆ

ಹಿಂದೂಪುರದಿಂದ ಸುಮಾರು 15 ಕಿ.ಮೀ. ದೂರದ ಲೇಪಾಕ್ಷಿಯಲ್ಲಿ ವೀರಭದ್ರ ದೇವಾಲಯದ ಮಂಟಪದ ಮೇಲ್ಛಾವಣಿಯನ್ನು ಕತ್ತೆತ್ತಿ ನೋಡಿದವರಿಗೆ ಒಂದು ಸಂಗತಿ ಎದ್ದು ಕಾಣುತ್ತದೆ. 16ನೆಯ ಶತಮಾನದ ಆ ಚಿತ್ರಗಳಲ್ಲಿನ ಹೆಂಗಸರ ಸೀರೆಗಳೂ ಗಂಡಸರ ವಸ್ತ್ರಗಳೂ ಬಗೆಬಗೆಯ ಅಂಚುಗಳಿಂದ ಶೋಭಿಸುತ್ತವೆ. ಉಡುಪಿನ ಅಂದವು ಅಂಚಿನಲ್ಲಿದೆ ಎಂಬುದು ಈ ಸೀಮೆಯ ಹಳೆಯ ತಿಳಿವಳಿಕೆ. ಇಂದು ಅದೇ ಸೀಮೆಯ ಮನೆಗಳಲ್ಲಿ ಲಂಗ, ರವಿಕೆ, ಮಕ್ಕಳ ಫ್ರಾಕುಗಳ ಅಂಚಿಗೆ ಲೇಸು ಕೂಡುತ್ತಿದೆ. ಹೊರಗಿನಿಂದ ಬಂದ ಈ ಪದವು ನಮ್ಮ ಬಾಯಲ್ಲಿ ಒಳಿತೆಂಬ ಅರ್ಥದ ಹಳೆಯ ‘ಲೇಸಿ’ನೊಡನೆ ಬೆರೆತುಹೋಗಿರುವುದು ಒಂದು ಸೊಗಸು.

ಹಿಂದೂಪುರವು ರೇಷ್ಮೆಗೂಡಿನ ಮಾರುಕಟ್ಟೆಗೆ ಹೆಸರಾದ ಊರು. ಉತ್ತರಕ್ಕಿರುವ ಧರ್ಮಾವರದ ಕೈಮಗ್ಗದ ಸೀರೆಗಳ ಜೊತೆಗೆ ಅಲ್ಲಿನ ಪಾವಡೆಗಳಿಗೂ ಭೌಗೋಳಿಕ ಗುರುತಿನ ಮಾನ್ಯತೆ ದೊರೆತಿದೆ. ಕಲ್ಯಾಣದುರ್ಗದ ನೆರೆಯ ರಾಯದುರ್ಗವು ಸಿದ್ಧ ಉಡುಪಿನ ಹೊಲಿಗೆಗೆ ಪ್ರಸಿದ್ಧ. ಹೀಗೆ ಬಟ್ಟೆಯೇ ಬದುಕಾದ ನಾಡಿನಲ್ಲಿ ಲೇಸು ಹಚ್ಚುವುದನ್ನು ಮಾತ್ರ ಕೆಲಸವೆಂದು ಎಣಿಸುವವರು ವಿರಳ. ಆದರೆ ಅದನ್ನು ಸರಿಯಾಗಿ ಮಾಡಲು ಎಷ್ಟು ವಿವೇಕ ಬೇಕೆಂಬುದನ್ನು ಮಾಡಿದವರೇ ಬಲ್ಲರು.

ಮೊದಲನೆಯದು ನೀರಿನ ಪರೀಕ್ಷೆ. ನೂಲಿನ ಲೇಸು ಮೊದಲ ಒಗೆತಕ್ಕೆ ಕುಗ್ಗುತ್ತದೆ. ಆದುದರಿಂದ ಅದನ್ನೂ ಹತ್ತಿಬಟ್ಟೆಯನ್ನೂ ಹೊಲಿಯುವ ಮುನ್ನವೇ ನೀರಿನಲ್ಲಿ ನೆನೆಸಿ ನೆರಳಿನಲ್ಲಿ ಒಣಗಿಸಬೇಕು. ಹಾಗೆ ಮಾಡದಿದ್ದರೆ ಲಂಗದ ಅಂಚು ಮುದುರಿ ಸುಕ್ಕಾಗುವುದು ಖಂಡಿತ. ಜರಿಯ ಲೇಸನ್ನು ಮಾತ್ರ ನೆನೆಸಬಾರದು. ಅನಂತರ ಲೇಸನ್ನು ಎಳೆಯದೆ, ಬಟ್ಟೆಯ ಮೇಲೆ ತಾನಾಗಿ ಮಲಗುವಂತೆ ಇಟ್ಟು ಕಚ್ಚಾ ಹೊಲಿಗೆ ಹಾಕಬೇಕು. ಆರಂಭವು ಪಕ್ಕದ ಜೋಡಣೆಯ ಬಳಿ ಇದ್ದರೆ ಎರಡು ತುದಿಗಳು ಕೂಡುವ ಗುರುತು ಕಣ್ಣಿಗೆ ಬೀಳದು. ಮೂಲೆಯಲ್ಲಿ ತುಸು ನೆರಿಗೆ ಕೊಟ್ಟು ತಿರುಗಿಸಬೇಕು. ಸಣ್ಣ ಸೂಜಿ, ಒಂಟಿ ಎಳೆ, ಲೇಸಿನದೇ ಬಣ್ಣದ ದಾರ. ಸೂಜಿಯು ಲೇಸಿನ ದಪ್ಪ ಅಂಚನ್ನಷ್ಟೇ ಹಿಡಿಯಬೇಕು, ಅದರ ಕಿಂಡಿಗಳನ್ನು ಮುಚ್ಚಬಾರದು.

ದಾರದ ವಿಷಯದಲ್ಲಿ ಹಲವರು ಎಡವುತ್ತಾರೆ. ಗಟ್ಟಿಯಾದಷ್ಟೂ ಒಳ್ಳೆಯದೆಂದು ಬಗೆದು ನಯವಾದ ರೇಷ್ಮೆಗೆ ದಪ್ಪ ಪಾಲಿಯೆಸ್ಟರ್ ದಾರವನ್ನು ಬಳಸುತ್ತಾರೆ. ಕಾಲ್ಗೆಜ್ಜೆಗೆ ಅಂಚು ಸಿಕ್ಕಿಕೊಂಡಾಗ ಅಂಥ ದಾರವು ಹರಿಯುವುದಿಲ್ಲ, ಬಟ್ಟೆ ಹರಿಯುತ್ತದೆ. ದಾರವು ಬಟ್ಟೆಗಿಂತ ತುಸು ದುರ್ಬಲವಾಗಿರುವುದೇ ಲೇಸು. ಹರಿದ ದಾರವನ್ನು ಮತ್ತೆ ಪೋಣಿಸಬಹುದು, ಹರಿದ ರೇಷ್ಮೆಯನ್ನು ಮೊದಲಿನಂತೆ ಮಾಡಲಾಗದು. ಗೇಣಿಗೊಂದರಂತೆ ಗಂಟು ಹಾಕಿದರೆ ಒಂದೆಡೆ ಬಿಚ್ಚಿದ್ದು ಸುತ್ತಲೂ ಹರಡದು. ಲಂಗ ಗಿಡ್ಡವಾದ ದಿನ ಲೇಸನ್ನು ನೋವಿಲ್ಲದೆ ಬಿಡಿಸಿ ತಂಗಿಯ ರವಿಕೆಗೆ ಹಚ್ಚಲೂಬಹುದು.

ಇನ್ನು ಲೆಕ್ಕಕ್ಕೆ ಬರೋಣ. 3 ಮೀಟರ್ ಸುತ್ತಳತೆಯ ಲಂಗಕ್ಕೆ 3 ಮಿಲಿಮೀಟರಿಗೊಂದು ಹೊಲಿಗೆಯಂತೆ 1,000 ಹೊಲಿಗೆಗಳು ಬೇಕು. ಒಂದಕ್ಕೆ 6 ಸೆಕೆಂಡು ಹಿಡಿದರೂ 100 ನಿಮಿಷ. ನೆನೆಸುವುದು, ಅಳೆಯುವುದು, ಕಚ್ಚಾ ಹೊಲಿಗೆ, ಇಸ್ತ್ರಿ ಇವೆಲ್ಲ ಬೇರೆ. ಆದರೂ ಬೆಲೆ ಕೇಳುವಾಗ ‘ಲೇಸು ತಾನೆ, ಅದಕ್ಕೇನು ಕೊಡುವುದು?’ ಎನ್ನುವವರೇ ಹೆಚ್ಚು.

ಈ ಮಾತಿನ ಹಿಂದಿರುವ ಅನ್ಯಾಯವು ನಮ್ಮ ರಾಜ್ಯದ ಇನ್ನೊಂದು ತುದಿಯಲ್ಲಿ ಬಹುಕಾಲದ ಹಿಂದೆಯೇ ದಾಖಲಾಗಿದೆ. ಗೋದಾವರಿ ತೀರದ ನರಸಾಪುರದಲ್ಲಿ ಕ್ರೋಶೆ ಲೇಸಿನ ಕಸುಬು 19ನೆಯ ಶತಮಾನದಲ್ಲಿ ಕ್ರೈಸ್ತ ಮಿಷನರಿಗಳ ಮೂಲಕ ಬೇರೂರಿತು. ಆ ಲೇಸು ಹೊರದೇಶಗಳಿಗೂ ಹೋಯಿತು. ಜರ್ಮನಿಯ ಸಮಾಜಶಾಸ್ತ್ರಜ್ಞೆ ಮರಿಯಾ ಮೀಸ್ ಅಲ್ಲಿನ ಹೆಂಗಸರ ಕುರಿತು 1982ರಲ್ಲಿ ಪ್ರಕಟಿಸಿದ ಗ್ರಂಥವು ತೋರಿಸಿಕೊಟ್ಟ ಸತ್ಯ ಸರಳವಾದುದು. ಮನೆಯಲ್ಲಿ ಕುಳಿತು ದುಡಿಯುವವಳನ್ನು ಬರಿಯ ಗೃಹಿಣಿಯೆಂದು, ಅವಳ ದುಡಿಮೆಯನ್ನು ಬಿಡುವಿನ ವೇಳೆಯ ಕೆಲಸವೆಂದು ಕರೆದುದರಿಂದಲೇ ಕೂಲಿಯನ್ನು ಕೆಳಗಿಡಲು ಸಾಧ್ಯವಾಯಿತು. 2024ರಲ್ಲಿ ನರಸಾಪುರದ ಲೇಸಿಗೂ ಭೌಗೋಳಿಕ ಗುರುತು ದೊರೆಯಿತು. ಸರಕಿಗೆ ಹೆಸರು ಬಂದಿತು. ಬೆರಳುಗಳಿಗೆ ಬೆಲೆ ಬರುವುದು ಇನ್ನೊಂದು ಮಾತು.

ಹಿಂದೂಪುರವು 2022ರಿಂದ ಶ್ರೀ ಸತ್ಯಸಾಯಿ ಜಿಲ್ಲೆಗೆ ಸೇರಿದೆ, ಕಲ್ಯಾಣದುರ್ಗವು ಅನಂತಪುರ ಜಿಲ್ಲೆಯಲ್ಲಿಯೇ ಉಳಿದಿದೆ. ಜಿಲ್ಲೆಗಳ ಅಂಚು ಬದಲಾದರೂ ಎರಡೂ ಕಡೆಯ ನಮ್ಮ ಅಕ್ಕತಂಗಿಯರ ಕೆಲಸ ಒಂದೇ. ಹೊಲಿದುಕೊಡುವವರು ಗಡಿಯಾರ ನೋಡಿ ತಮ್ಮ ವೇಳೆಯನ್ನು ಬರೆದಿಡಲಿ, ಲೇಸಿನ ಕ್ರಯವನ್ನೂ ಹಚ್ಚುವ ಕೂಲಿಯನ್ನೂ ಚೀಟಿಯಲ್ಲಿ ಬೇರೆಬೇರೆಯಾಗಿ ತೋರಿಸಲಿ. ಹೊಲಿಸಿಕೊಳ್ಳುವ ಓದುಗರು ಅಂಚನ್ನು ಒಮ್ಮೆ ಒಳಮಗ್ಗುಲಿನಿಂದ ತಿರುಗಿಸಿ ನೋಡಿ, ಆಮೇಲೆ ಚೌಕಾಸಿಗೆ ಬಾಯಿ ತೆರೆಯಲಿ.