ಎಐ ಏಜೆಂಟ್ ಸಂರಚನೆಯ ರಫ್ತು

ಎಐ ಏಜೆಂಟ್ ಸಂರಚನೆಯ ರಫ್ತು ಎಂದರೆ ಕೃತಕ ಬುದ್ಧಿಮತ್ತೆಯ ನೆರವಿನಿಂದ ಕೆಲಸ ಮಾಡುವ ಏಜೆಂಟ್ ಒಂದರ ಪೂರ್ವನಿಗದಿತ ಹೊಂದಿಕೆಗಳನ್ನು ಪಠ್ಯರೂಪದ ಕಡತವಾಗಿ ಹೊರತೆಗೆಯುವ ಕ್ರಿಯೆ. ಆ ಕಡತವನ್ನು ಇನ್ನೊಂದು ಗಣಕಯಂತ್ರದಲ್ಲಿ ಸೇರಿಸಿ ಅದೇ ಬಗೆಯ ಏಜೆಂಟನ್ನು ಸಿದ್ಧಪಡಿಸುವುದಕ್ಕೆ ಆಮದು ಎಂದು ಹೆಸರು. ಸಾಮಾನ್ಯವಾಗಿ ಇಂತಹ ಕಡತದಲ್ಲಿ ಏಜೆಂಟಿಗೆ ಕೊಟ್ಟ ಸೂಚನೆಗಳೂ ಅನುಮತಿಗಳೂ ಇರುತ್ತವೆಯೇ ಹೊರತು ಭಾಷಾ ಮಾದರಿ ಇರುವುದಿಲ್ಲ. ಕಡತವನ್ನು ಓದಿ ನೋಡದೆ ಹಂಚಿದರೆ ಗುಪ್ತ ಕೀಲಿಗಳು ಬಯಲಾಗಬಹುದು. ಓದಿ ನೋಡದೆ ಆಮದು ಮಾಡಿಕೊಂಡರೆ ಅಪರಿಚಿತರ ಆದೇಶಗಳು ಒಳಸೇರಬಹುದು.

ಹಿನ್ನೆಲೆ

ಭಾಷಾ ಮಾದರಿಯು ಕೇಳಿದ ಪ್ರಶ್ನೆಗೆ ಪಠ್ಯರೂಪದ ಉತ್ತರವನ್ನು ನೀಡುತ್ತದೆ. ಏಜೆಂಟ್ ಆದರೋ ಆ ಮಾದರಿಯನ್ನು ಬಳಸಿಕೊಂಡು ಕಡತಗಳನ್ನು ಓದುವುದು, ಅಂತರಜಾಲದಲ್ಲಿ ಹುಡುಕುವುದು, ಮಿಂಚಂಚೆ ಕಳುಹಿಸುವುದು ಮೊದಲಾದ ಕೆಲಸಗಳನ್ನೂ ಮಾಡುತ್ತದೆ. ಯಾವ ಕೆಲಸವನ್ನು, ಯಾವ ಮಿತಿಯೊಳಗೆ ಮಾಡಬೇಕೆಂಬುದನ್ನು ಸಂರಚನೆಯು ನಿರ್ಧರಿಸುತ್ತದೆ.

ಪ್ರತಿಯೊಂದು ತಂತ್ರಾಂಶವೂ ತನ್ನದೇ ಕಡತ ರೂಪವನ್ನು ಬಳಸತೊಡಗಿದಾಗ ಸಮಾನ ಮಾನಕಗಳ ಅಗತ್ಯ ಕಂಡುಬಂದಿತು. ಏಜೆಂಟನ್ನು ಹೊರಗಿನ ಸಲಕರಣೆಗಳೊಂದಿಗೆ ಜೋಡಿಸುವ ಮಾಡೆಲ್ ಕಾಂಟೆಕ್ಸ್ಟ್ ಪ್ರೋಟೋಕಾಲ್ ಎಂಬ ಮಾನಕವನ್ನು ಆಂಥ್ರೊಪಿಕ್ ಸಂಸ್ಥೆಯು 2024ರ ನವೆಂಬರ್‌ನಲ್ಲಿ ಪ್ರಕಟಿಸಿತು. ಪ್ರೋಗ್ರಾಮ್ ಬರೆಯುವ ಏಜೆಂಟ್‌ಗಳಿಗೆ ಸೂಚನೆ ನೀಡುವ ಏಜೆಂಟ್ಸ್.ಎಂಡಿ ಎಂಬ ಸರಳ ಕಡತ ರೂಪವು 2025ರಲ್ಲಿ ಬಳಕೆಗೆ ಬಂದಿತು. ಅದೇ ವರ್ಷದ ಡಿಸೆಂಬರ್‌ನಲ್ಲಿ ಇವೆರಡನ್ನೂ ಲಿನಕ್ಸ್ ಫೌಂಡೇಶನ್‌ನ ಅಡಿಯಲ್ಲಿರುವ ಏಜೆಂಟಿಕ್ ಎಐ ಫೌಂಡೇಶನ್‌ಗೆ ಒಪ್ಪಿಸಲಾಯಿತು.

ಕಡತದಲ್ಲಿರುವ ಅಂಶಗಳು

ಇಂತಹ ಕಡತಗಳು ಸಾಮಾನ್ಯವಾಗಿ ಜೇಸನ್, ಯಾಮಲ್ ಅಥವಾ ಮಾರ್ಕ್‌ಡೌನ್ ರೂಪದಲ್ಲಿರುತ್ತವೆ. ಅವುಗಳಲ್ಲಿ ಕಂಡುಬರುವ ಮುಖ್ಯ ಅಂಶಗಳು ಇವು:

- ಬಳಸಬೇಕಾದ ಭಾಷಾ ಮಾದರಿಯ ಹೆಸರು
- ಏಜೆಂಟಿನ ಪಾತ್ರ ಮತ್ತು ನಡವಳಿಕೆಯನ್ನು ತಿಳಿಸುವ ಮೂಲ ಸೂಚನೆ
- ಟೆಂಪರೇಚರ್‌ನಂತಹ ಅಳತೆಗಳು. ಇದರ ಮೌಲ್ಯ ಕಡಿಮೆಯಾದಷ್ಟೂ ಉತ್ತರಗಳಲ್ಲಿನ ವೈವಿಧ್ಯ ಕಡಿಮೆಯಾಗುತ್ತದೆ
- ಏಜೆಂಟ್ ಬಳಸಬಹುದಾದ ಸಲಕರಣೆಗಳ ಪಟ್ಟಿ
- ಮನುಷ್ಯರ ಒಪ್ಪಿಗೆ ಪಡೆದೇ ಮಾಡಬೇಕಾದ ಕೆಲಸಗಳ ವಿವರ

ಉದಾಹರಣೆಗಳು

ಓಲಾಮ: ಇದು ಭಾಷಾ ಮಾದರಿಗಳನ್ನು ಸ್ವಂತ ಗಣಕಯಂತ್ರದಲ್ಲೇ ನಡೆಸಲು ನೆರವಾಗುವ ತಂತ್ರಾಂಶ. ಇದರ ಹೊಂದಿಕೆಗಳನ್ನು ಮಾಡೆಲ್‌ಫೈಲ್ ಎಂಬ ಪಠ್ಯ ಕಡತದಲ್ಲಿ ಬರೆಯಲಾಗುತ್ತದೆ. ಈಗಾಗಲೇ ಇರುವ ಮಾದರಿಯ ಹೊಂದಿಕೆಗಳನ್ನು ಒಂದು ಆಜ್ಞೆಯ ಮೂಲಕ ಅದೇ ರೂಪದಲ್ಲಿ ಹೊರತೆಗೆಯಬಹುದು. ಹೀಗೆ ಹೊರಬಂದ ಪಠ್ಯದಲ್ಲಿ ಮಾದರಿಯ ಹೆಸರಿನ ಬದಲು ಆ ಗಣಕಯಂತ್ರದೊಳಗಿನ ಕಡತದ ವಿಳಾಸ ಕಾಣಿಸಿಕೊಳ್ಳಬಹುದು. ಬೇರೆ ಯಂತ್ರದಲ್ಲಿ ಆ ವಿಳಾಸ ಇರುವುದಿಲ್ಲವಾದ್ದರಿಂದ ಅಲ್ಲಿ ಮಾದರಿಯ ಹೆಸರನ್ನು ಬರೆದುಕೊಳ್ಳಬೇಕು.

ಎನ್8ಎನ್: ಕೆಲಸಗಳ ಸರಣಿಯನ್ನು ಚಿತ್ರರೂಪದಲ್ಲಿ ಜೋಡಿಸುವ ಈ ತಂತ್ರಾಂಶದಲ್ಲಿ ಎಐ ಏಜೆಂಟನ್ನೂ ಒಂದು ಘಟಕವಾಗಿ ಸೇರಿಸಬಹುದು. ಇಡೀ ಸರಣಿಯನ್ನು ಜೇಸನ್ ಕಡತವಾಗಿ ರಫ್ತು ಮಾಡಲು ಅವಕಾಶವಿದೆ. ಆ ಕಡತದಲ್ಲಿ ಖಾತೆಯ ರುಜುವಾತುಗಳ ಹೆಸರು ಮತ್ತು ಗುರುತು ಸಂಖ್ಯೆ ಇರುತ್ತವೆ. ಗುಪ್ತ ಕೀಲಿ ಇರುವುದಿಲ್ಲ. ಆದರೆ ಬಳಕೆದಾರರೇ ಕೀಲಿಯನ್ನು ಯಾವುದಾದರೂ ಘಟಕದೊಳಗೆ ನೇರವಾಗಿ ಬರೆದಿದ್ದರೆ ಅದು ಕಡತದೊಂದಿಗೆ ಹೊರಹೋಗುತ್ತದೆ.

ಭದ್ರತೆ

ಎಪಿಐ ಕೀಲಿಯು ಮನೆಯ ಬೀಗದ ಕೈಯಿದ್ದಂತೆ. ಅದನ್ನು ಪಡೆದವರು ಮೂಲ ಬಳಕೆದಾರರ ಹೆಸರಿನಲ್ಲಿ, ಅವರ ಖರ್ಚಿನಲ್ಲಿಯೇ ಸೇವೆಯನ್ನು ಬಳಸಬಲ್ಲರು. ಆದ್ದರಿಂದ ಕೀಲಿಗಳನ್ನು ಸಂರಚನಾ ಕಡತದಲ್ಲಿ ಬರೆಯದೆ ಪ್ರತ್ಯೇಕವಾಗಿ ಇರಿಸುವುದು ರೂಢಿ. ಕೀಲಿಯಿರುವ ಕಡತವು ಒಮ್ಮೆ ಸಾರ್ವಜನಿಕವಾಗಿ ಪ್ರಕಟವಾದರೆ ಅದನ್ನು ಅಳಿಸಿಹಾಕಿದರೆ ಸಾಲದು; ಕೀಲಿಯನ್ನೇ ರದ್ದುಪಡಿಸಿ ಹೊಸದನ್ನು ಪಡೆಯಬೇಕು.

ಆಮದಿನಲ್ಲಿಯೂ ಅಪಾಯವಿದೆ. ಏಜೆಂಟ್ ತಾನು ಓದುವ ಪಠ್ಯದಲ್ಲಿ ಸೇರಿಕೊಂಡ ದುರುದ್ದೇಶದ ಆದೇಶವನ್ನು ಬಳಕೆದಾರರ ಮಾತೆಂದೇ ಭಾವಿಸಿ ಪಾಲಿಸಬಹುದು. ಇದಕ್ಕೆ ಪ್ರಾಂಪ್ಟ್ ಇಂಜೆಕ್ಷನ್ ಎನ್ನುತ್ತಾರೆ. ಕಣ್ಣಿಗೆ ಕಾಣದ ಯೂನಿಕೋಡ್ ಚಿಹ್ನೆಗಳನ್ನು ಬಳಸಿ ಕರ್ಸರ್ ಮತ್ತು ಗಿಟ್‌ಹಬ್ ಕೋಪೈಲಟ್‌ಗಳ ನಿಯಮ ಕಡತಗಳಲ್ಲಿ ಆದೇಶಗಳನ್ನು ಅಡಗಿಸಬಹುದೆಂದು ಪಿಲ್ಲರ್ ಸೆಕ್ಯುರಿಟಿ ಸಂಸ್ಥೆಯ ಸಂಶೋಧಕರು 2025ರ ಮಾರ್ಚ್‌ನಲ್ಲಿ ತೋರಿಸಿದರು.

ಕನ್ನಡ ಪಠ್ಯದ ರಫ್ತು

ಕಾಣದ ಚಿಹ್ನೆಗಳನ್ನೆಲ್ಲ ಕಡತದಿಂದ ತೆಗೆದುಹಾಕುವುದು ಸುಲಭ ಪರಿಹಾರವೆಂದು ತೋರಬಹುದು. ಆದರೆ ಕನ್ನಡ ಬರವಣಿಗೆಗೆ ಅಂತಹ ಕೆಲವು ಚಿಹ್ನೆಗಳು ಅಗತ್ಯ. 'ಸಾಫ್ಟ್‌ವೇರ್' ಎಂಬ ಪದದಲ್ಲಿ ಟಕಾರಕ್ಕೆ ವಕಾರವು ಒತ್ತಕ್ಷರವಾಗಿ ಅಂಟಿಕೊಳ್ಳದಂತೆ ತಡೆಯುವುದು ಅಂತಹ ಒಂದು ಚಿಹ್ನೆಯೇ. ಅದನ್ನು ತೆಗೆದರೆ ಪದವು 'ಸಾಫ್ಟ್ವೇರ್' ಎಂದು ಕಾಣಿಸುತ್ತದೆ.

ಪೈಥಾನ್ ಭಾಷೆಯ ಜೇಸನ್ ಲೈಬ್ರರಿಯು, ಬೇರೆ ಹೊಂದಿಕೆ ಮಾಡದಿದ್ದಲ್ಲಿ, ಕನ್ನಡದ ಪ್ರತಿಯೊಂದು ಅಕ್ಷರ ಚಿಹ್ನೆಯನ್ನೂ ಸಂಕೇತ ಸಂಖ್ಯೆಯಾಗಿ ಬರೆಯುತ್ತದೆ. ಇದರಿಂದ ಮಾಹಿತಿ ನಷ್ಟವಾಗುವುದಿಲ್ಲ. ಆಮದು ಮಾಡಿದಾಗ ಅಕ್ಷರಗಳು ಮರಳಿ ಬರುತ್ತವೆ. ಆದರೆ ಕಡತವನ್ನು ತೆರೆದು ಪರಿಶೀಲಿಸುವವರಿಗೆ ಕನ್ನಡದ ಸೂಚನೆಗಳು ಓದಲು ಸಿಗುವುದಿಲ್ಲ. ಅಕ್ಷರಗಳನ್ನು ಯಥಾವತ್ತಾಗಿ ಉಳಿಸುವ ಹೊಂದಿಕೆಯನ್ನು ಆರಿಸಿ, ಯುಟಿಎಫ್-8 ವಿಧಾನದಲ್ಲಿ ಕಡತವನ್ನು ಉಳಿಸಿದರೆ ಈ ತೊಡಕು ನಿವಾರಣೆಯಾಗುತ್ತದೆ.

ಮಿತಿಗಳು

ಒಂದೇ ಸಂರಚನೆಯನ್ನು ಬಳಸಿದ ಎರಡು ಏಜೆಂಟ್‌ಗಳು ಒಂದೇ ಉತ್ತರವನ್ನು ನೀಡುತ್ತವೆ ಎಂದು ಹೇಳಲಾಗದು. ಉತ್ತರದ ಪದಗಳ ಆಯ್ಕೆಯಲ್ಲಿ ಯಾದೃಚ್ಛಿಕತೆ ಇರುವುದೂ, ಸೇವಾದಾತರು ಮಾದರಿಯನ್ನು ಕಾಲಕಾಲಕ್ಕೆ ಬದಲಿಸುವುದೂ ಇದಕ್ಕೆ ಕಾರಣ. ಆದಕಾರಣ ಆಮದು ಮಾಡಿದ ಏಜೆಂಟನ್ನು ಮೊದಲು ಕನಿಷ್ಠ ಅನುಮತಿಗಳೊಂದಿಗೆ ಪರೀಕ್ಷಿಸಿ, ಅನಂತರವೇ ಕಡತ ಅಳಿಸುವ ಅಥವಾ ಮಿಂಚಂಚೆ ಕಳುಹಿಸುವ ಅಧಿಕಾರವನ್ನು ನೀಡುವುದು ಸುರಕ್ಷಿತ ಕ್ರಮವಾಗಿದೆ.