ನಿಲ್ಲದ ಒತ್ತು, ಕದಲದ ಸಂದು

ಮಾರಾಟಕ್ಕಿಟ್ಟ ಕಾರೊಂದನ್ನು ಕುರಿತು ಅದು ‘ಸೆಕೆಂಡ್-ಹ್ಯಾಂಡ್’ ಎಂದು ಇಂಗ್ಲೆಂಡಿನವನೊಬ್ಬನು ವಾಕ್ಯವನ್ನು ಮುಗಿಸುವಾಗ ಪ್ರಧಾನವಾದ ಒತ್ತು ಉತ್ತರಪದವಾದ ‘ಹ್ಯಾಂಡ್’ ಮೇಲೆ ಬೀಳುವುದು; ಅದೇ ಸಮಾಸವು ವಿಶೇಷ್ಯದ ಮುಂದೆ ನಿಂತು ‘ಸೆಕೆಂಡ್-ಹ್ಯಾಂಡ್ ಕಾರ್’ ಎಂದಾದೊಡನೆ ಒತ್ತು ಹಿಂದಕ್ಕೆ ಸರಿದು ಮೊದಲಿನ ‘ಸೆ’ಯನ್ನು ಹಿಡಿಯುವುದು. ‘ಓಲ್ಡ್-ಫ್ಯಾಷನ್ಡ್’, ‘ಆಬ್ಸೆಂಟ್-ಮೈಂಡೆಡ್’ ಮೊದಲಾದ ಸಮಸ್ತ ವಿಶೇಷಣಗಳ ನಡತೆಯೂ ಇದೇ. ಎರಡು ಬಲವಾದ ಒತ್ತುಗಳು ಅತಿ ಸಮೀಪದಲ್ಲಿ ಬರುವುದನ್ನು ಆ ಭಾಷೆಯ ಲಯವು ಸಹಿಸದು. ಈ ಸ್ಥಾನಪಲ್ಲಟಕ್ಕೆ ಮಾರ್ಕ್ ಲಿಬರ್ಮನ್ ಮತ್ತು ಆಲನ್ ಪ್ರಿನ್ಸ್ ಎಂಬ ವಿದ್ವಾಂಸರು 1977ರಲ್ಲಿ ಶಾಸ್ತ್ರೀಯವಾದ ನಿರೂಪಣೆಯನ್ನು ಕೊಟ್ಟರು, ಜೆ. ಸಿ. ವೆಲ್ಸ್ ಅವರ ಉಚ್ಚಾರಣಾಕೋಶವು ಹೀಗೆ ಒತ್ತು ಸರಿಯಬಲ್ಲ ಪದಗಳ ಬಳಿ ಪುಟ್ಟದೊಂದು ತ್ರಿಕೋಣವನ್ನು ಮುದ್ರಿಸಿ ಓದುಗನನ್ನು ಎಚ್ಚರಿಸುತ್ತದೆ. ‘ಹೋಮ್‌ಸಿಕ್’, ‘ಟ್ರಸ್ಟ್‌ವರ್ದಿ’ ಎಂಬಂಥವುಗಳಲ್ಲಿ ಒತ್ತು ಮೊದಲಿನಿಂದಲೂ ಪೂರ್ವಪದದ ಮೇಲೆಯೇ ಇರುವುದರಿಂದ ಅವುಗಳಿಗೆ ಈ ಅಲೆದಾಟವಿಲ್ಲ.

ಒತ್ತೆಂದರೆ ಗಟ್ಟಿಯಾಗಿ ಕೂಗುವುದೆಂದು ಭಾವಿಸುವುದು ಸಹಜವಾದರೂ ಸಾಧುವಲ್ಲ. ಡೆನಿಸ್ ಫ್ರೈ ಎಂಬ ಧ್ವನಿವಿಜ್ಞಾನಿ ‘ಪರ್ಮಿಟ್’ನಂತಹ, ಒತ್ತಿನ ಸ್ಥಾನವೊಂದರಿಂದಲೇ ನಾಮಪದವೂ ಕ್ರಿಯಾಪದವೂ ಆಗಬಲ್ಲ ಶಬ್ದಗಳನ್ನು ಯಂತ್ರದಿಂದ ನುಡಿಸಿ, ಅವುಗಳ ದೈರ್ಘ್ಯವನ್ನೂ ತೀವ್ರತೆಯನ್ನೂ ಬೇರೆ ಬೇರೆಯಾಗಿ ಮಾರ್ಪಡಿಸಿ ಕೇಳಿಸಿದಾಗ, ಕೇಳುಗರ ಕಿವಿಗೆ ತೀವ್ರತೆಗಿಂತ ದೈರ್ಘ್ಯವೇ ಪ್ರಬಲವಾದ ಸೂಚನೆಯೆಂದು 1955ರಲ್ಲಿ ತಿಳಿದುಬಂದಿತು, ಸ್ವರದ ಏರಿಳಿತವು ಅದಕ್ಕೂ ಮಿಗಿಲೆಂಬುದು 1958ರ ಪ್ರಯೋಗಗಳಿಂದ ಸ್ಪಷ್ಟವಾಯಿತು.

ಒತ್ತು ಇಂತು ಚಂಚಲವಾದರೂ ಪದಗಳು ಕೂಡುವ ಸಂದು ಮಾತ್ರ ಕದಲದು. ‘ಡಾರ್ಕ್-ಐಡ್’ ಎಂಬಲ್ಲಿ ನಮ್ಮ ನಾಲಗೆ ಸಂಧಿಯ ಅಭ್ಯಾಸದಿಂದ ‘ಡಾರ್-ಕೈಡ್’ ಎಂದು ಒಡೆಯಲು ಹವಣಿಸುವುದು; ವ್ಯಂಜನವನ್ನು ಮುಂದಿನ ಸ್ವರಕ್ಕೆ ಬೆಸೆಯುವ ನಮ್ಮ ಲಿಪಿಯೂ ಅದಕ್ಕೆ ಒತ್ತಾಸೆಯಾಗಿದೆ. ಇಂಗ್ಲಿಷಿನವರ ಎಚ್ಚರದ ಉಚ್ಚಾರಣೆಯಲ್ಲಾದರೋ ಕಕಾರವು ಪೂರ್ವಪದಕ್ಕೇ ಸೇರಿದುದು. ಒತ್ತುಳ್ಳ ಅಕ್ಷರದ ಆದಿಯಲ್ಲಿ ಬರುವ ಅವರ ಕಕಾರವು ಉಸಿರಿನಿಂದ ಕೂಡಿ ಬಹುಮಟ್ಟಿಗೆ ನಮ್ಮ ‘ಖ’ವನ್ನು ಹೋಲುವುದು, ಇಲ್ಲಿ ಆ ಉಸಿರು ಇಲ್ಲದಿರುವುದೇ ಸಂದು ಎಲ್ಲಿದೆಯೆಂಬುದಕ್ಕೆ ಸಾಕ್ಷಿ.

ಕೊನೆಯ ‘ಡ್’ ಪ್ರತ್ಯಯವು ಟಕಾರ ಡಕಾರಗಳ ಅನಂತರ ಬಂದಾಗ ಮಾತ್ರ ಸ್ವತಂತ್ರ ಅಕ್ಷರವಾಗುವುದು ಸಾಮಾನ್ಯ ನಿಯಮ: ‘ಮೈಂಡೆಡ್’ನಲ್ಲಿ ಎರಡು ಅಕ್ಷರ, ‘ಐಡ್’ನಲ್ಲಿ ಒಂದೇ. ಆದರೆ ನಮ್ಮ ಶಾಲೆಗಳ ಕ್ರೀಡೋತ್ಸವದಲ್ಲಿಯೂ ಪರಿಚಿತವಾದ ಮೂರು ಕಾಲಿನ ಓಟದ ಹೆಸರಿನಲ್ಲಿ ಬ್ರಿಟಿಷರು ನಿಯಮವನ್ನು ಬದಿಗಿಟ್ಟು ‘ಲೆಗಿಡ್’ ಎಂದು ಎರಡಕ್ಷರವಾಗಿಯೇ ನುಡಿಯುತ್ತಾರೆ. ‘ರೇಸ್’ ಎಂಬ ಪದವು ಹಿಂದೆಯೇ ಬರುವುದರಿಂದ ಒತ್ತು ಅಲ್ಲಿಂದಲೂ ಸರಿದು ‘ತ್ರೀ’ಯ ಮೇಲೆ ಕೂರುತ್ತದೆ.