ಗೀರಿನಿಂದ ಬಲ, ಗೀರಿನಿಂದ ಹೊಳಪು

ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿಗಳ ಸೀಮೆಯಲ್ಲಿ ಕೊಬ್ಬರಿ ಬಿಡಿಸಿದ ಮೇಲೆ ಉಳಿಯುವ ತೆಂಗಿನ ಚಿಪ್ಪನ್ನು ನೋಡದವರಾರು? ಅದರ ಮೈ ಒರಟು; ಅಂಟಿಕೊಂಡ ನಾರು ಕೈಗೆ ಚುಚ್ಚುವುದು. ಅದೇ ಚಿಪ್ಪನ್ನು ಕುಶಲಕರ್ಮಿಯು ಉಪ್ಪುಕಾಗದದಿಂದ ಉಜ್ಜಿ ಬಟ್ಟಲು ಮಾಡಿದಾಗ ಅದು ಥಳಥಳಿಸುವುದು. ಬಣ್ಣ ಬಳಿಯದೆ, ಬರಿಯ ಗೀಚುವಿಕೆಯಿಂದಲೇ ಈ ಹೊಳಪು ಹೇಗೆ ಬಂದಿತು? ಇದರ ಉತ್ತರವನ್ನು ಬಲ್ಲವನಿಗೆ ಫೈಬರ್ ಗ್ಲಾಸ್ ದುರಸ್ತಿಯ ಅರ್ಧ ಗುಟ್ಟು ತಿಳಿದಂತೆಯೇ ಸರಿ.

ತೆಂಗಿನ ನಾರಿನಲ್ಲಿ ಸಣ್ಣ ಎಳೆಗಳನ್ನು ಲಿಗ್ನಿನ್ ಎಂಬ ವಸ್ತು ಬಂಧಿಸಿರುತ್ತದೆ. ಫೈಬರ್ ಗ್ಲಾಸ್‌ನಲ್ಲಿಯೂ ತತ್ತ್ವ ಇದೇ: ಎಳೆ ಗಾಜಿನದು, ಬಂಧಿಸುವುದು ಪಾಲಿಯೆಸ್ಟರ್ ಅಥವಾ ಎಪಾಕ್ಸಿ ರಾಳ. ಎಳೆ ಸೆಳೆತವನ್ನು ತಾಳುವುದು; ರಾಳವು ಭಾರವನ್ನು ಎಳೆಯಿಂದ ಎಳೆಗೆ ಹಂಚುವುದು. ತೊಟ್ಟಿ, ದೋಣಿ, ವಾಹನಗಳ ಹೊದಿಕೆ ಮುಂತಾದವನ್ನು ಇದರಿಂದ ಮಾಡುವರು. ಬೆಂಗಳೂರಿನ ರಾಷ್ಟ್ರೀಯ ವೈಮಾಂತರಿಕ್ಷ ಪ್ರಯೋಗಶಾಲೆಯು ನಿರ್ಮಿಸಿ, 1993ರಲ್ಲಿ ಮೊದಲು ಹಾರಿಸಿದ ‘ಹಂಸ’ ವಿಮಾನದ ಒಡಲೂ ಈ ಜಾತಿಯದೇ.

ಮೊದಲು ಒರಟು

ಬಿರುಕು ಬಿಟ್ಟ ಫೈಬರ್ ತೊಟ್ಟಿಯ ಮೇಲೆ ರಾಳದ ತೇಪೆಯನ್ನು ಸುಮ್ಮನೆ ಹಚ್ಚಿದರೆ ಅದು ಕೆಲವೇ ದಿನಗಳಲ್ಲಿ ಚಕ್ಕೆಯಾಗಿ ಏಳಬಹುದು. ಗಟ್ಟಿಯಾದ ಹಳೆಯ ರಾಳವು ಹೊಸ ರಾಳದೊಡನೆ ರಾಸಾಯನಿಕವಾಗಿ ಬೆರೆಯುವುದು ಅತ್ಯಲ್ಪ. ಆದ್ದರಿಂದ ಹೊಸ ರಾಳ ಹಿಡಿದುಕೊಳ್ಳಲು ಗೀರುಗಳೆಂಬ ಹಿಡಿಕೆಗಳನ್ನು ನಾವೇ ಒದಗಿಸಬೇಕು. ಇದಕ್ಕೆ 80ನೆಯ ಅಂಕಿಯ ಕಾಗದ ಸೂಕ್ತ. ಅದರ ಹರಳಿನ ಗಾತ್ರ ಸುಮಾರು 0.2 ಮಿಲಿಮೀಟರ್.

ಆದರೆ ಉಜ್ಜುವುದಕ್ಕೆ ಮುನ್ನ ಮೈಯನ್ನು ಅಸಿಟೋನ್‌ನಿಂದ ಒರೆಸಬೇಕು, ಹತ್ತಿರ ಬೆಂಕಿಯಿರಕೂಡದು. ಕೊಬ್ಬರಿ ಮುಟ್ಟಿದ ಕೈಯ ಎಣ್ಣೆಯಾಗಲಿ, ರಾಳದ ಮೇಲ್ಪದರದ ಮೇಣವಾಗಲಿ ಉಳಿದಿದ್ದರೆ, ಉಜ್ಜುವಾಗ ಅದು ಗೀರುಗಳೊಳಗೆ ಹೊಕ್ಕು ಕೂರುವುದು. ಬಳಿಕ ರಾಳ ಹಿಡಿಯದು. ಇನ್ನೊಂದು ಎಚ್ಚರಿಕೆ: ಮನೆಗಳ ಮೇಲಿನ ಕಪ್ಪು ನೀರಿನ ತೊಟ್ಟಿಗಳು ಬಹುಮಟ್ಟಿಗೆ ಪಾಲಿಥೀನಿನವು. ಅವು ಫೈಬರ್ ಗ್ಲಾಸ್ ಅಲ್ಲ. ಈ ರಾಳಗಳು ಅವಕ್ಕೆ ಅಂಟುವುದಿಲ್ಲ.

ಬಿರುಕಿನ ಅಂಚನ್ನು ಇಳಿಜಾರಾಗಿ ಸವೆಸುವುದು ಮುಂದಿನ ಕೆಲಸ. ಬಲ ಬೇಕಾದೆಡೆ ದಪ್ಪಕ್ಕೆ 12 ಪಾಲು ಅಗಲವಿರಲೆಂಬುದು ರೂಢಿ. ಹಲಗೆ 4 ಮಿಲಿಮೀಟರ್ ದಪ್ಪವಿದ್ದರೆ ಇಳಿಜಾರು 48 ಮಿಲಿಮೀಟರ್. ನೆಟ್ಟಗೆ ಕತ್ತರಿಸಿದ ಅಂಚಿನಲ್ಲಿ ಒಂದು ಸೆಂಟಿಮೀಟರ್ ಉದ್ದಕ್ಕೆ ಅಂಟುವ ಜಾಗ 0.4 ಚದರ ಸೆಂಟಿಮೀಟರ್ ಮಾತ್ರ. ಇಳಿಜಾರಿನಲ್ಲಿ ಅದು ಸುಮಾರು 4.8. ಅದೇ ಭಾರ ಹನ್ನೆರಡರಷ್ಟು ಜಾಗಕ್ಕೆ ಹಂಚಿಹೋಗುವುದರಿಂದ ಬೆಸುಗೆ ತಾಳುವುದು.

ಬಳಿಕ ನುಣುಪು

ತೇಪೆ ಪೂರ್ಣ ಗಟ್ಟಿಯಾದ ಮೇಲೆ ಕೆಲಸ ತಿರುವುಮುರುವಾಗುತ್ತದೆ. ಈಗ ದೊಡ್ಡ ಗೀರನ್ನು ಸಣ್ಣ ಗೀರಿನಿಂದ ಅಳಿಸಬೇಕು. 80ರ ಬಳಿಕ 150, 220, 400, ಆಮೇಲೆ ನೀರು ಹಚ್ಚಿ 600, 1000, 1200 – ಅಂಕಿ ಏರಿದಂತೆಲ್ಲ ಹರಳು ಕಿರಿದಾಗುವುದು. 400ರ ಹರಳು ಸುಮಾರು 35 ಮೈಕ್ರಾನ್. 1200ರದು ಸುಮಾರು 15. ಪ್ರತಿ ಹಂತದಲ್ಲಿಯೂ ಹಿಂದಿನ ದಿಕ್ಕಿಗೆ ಅಡ್ಡಲಾಗಿ ಉಜ್ಜಿದರೆ ಹಳೆಯ ಗೀರು ಉಳಿದಿದೆಯೇ ಎಂಬುದು ಕಣ್ಣಿಗೆ ಬೀಳುವುದು. ಆತುರದಿಂದ 80ರಿಂದ ನೇರವಾಗಿ 600ಕ್ಕೆ ಹಾರಿದವನು ಗುಡ್ಡಗಳ ತುದಿಯನ್ನಷ್ಟೇ ಸವೆಸುವನು. ಕಣಿವೆಗಳು ಹಾಗೆಯೇ ಉಳಿಯುವುವು. ಉಜ್ಜುವ ಕಾಗದವನ್ನು ಮರದ ತುಂಡಿಗೆ ಸುತ್ತಿಕೊಂಡರೆ ಬೆರಳಿನ ಒತ್ತಡದಿಂದ ಹಳ್ಳ ಬೀಳುವುದಿಲ್ಲ.

ಹೊಳಪೆಂದರೆ ಬೆಳಕು ಒಂದೇ ದಿಕ್ಕಿಗೆ ಪ್ರತಿಫಲಿಸುವುದು. ಹಸಿರು ಬೆಳಕಿನ ತರಂಗಾಂತರ ಸುಮಾರು ಅರ್ಧ ಮೈಕ್ರಾನ್. ಗೀರಿನ ಆಳ ಇದಕ್ಕಿಂತ ಸಾಕಷ್ಟು ಕಡಿಮೆಯಾದಾಗ ಮೈ ಬೆಳಕಿಗೆ ಸಮತಟ್ಟಾಗಿ ತೋರುವುದು. ಹೆಚ್ಚಿದ್ದರೆ ಬೆಳಕು ಚೆದರಿ ಮೈ ಮಂಕಾಗುವುದು. ಅದಕ್ಕೆಂದೇ ಕೊನೆಯಲ್ಲಿ ಪಾಲಿಶ್ ಲೇಪ ಬೇಕಾಗುವುದು. ಮಂಕು ಮೈಗೆ ನೀರು ಸವರಿದರೆ ಕ್ಷಣಕಾಲ ಹೊಳೆಯುವುದೇಕೆ? ನೀರು ಕಣಿವೆಗಳನ್ನು ತುಂಬಿ ತನ್ನದೇ ಸಮತಲವನ್ನು ಒಡ್ಡುವುದರಿಂದ.

ಧೂಳಿನ ಮಾತು

ಗಾಜಿನ ಎಳೆಯ ಚೂರುಗಳು ಚರ್ಮವನ್ನೂ ಕಣ್ಣನ್ನೂ ಕೆರಳಿಸುವುವು. ಸೂಕ್ಷ್ಮವಾದ ಧೂಳು ಶ್ವಾಸಕೋಶವನ್ನು ಸೇರುವುದು. ಮೂಗಿಗೆ ಕಟ್ಟಿದ ವಸ್ತ್ರ ಸಾಲದು. ಧೂಳು ಸೋಸುವ ಮುಖವಾಡ, ಕನ್ನಡಕ, ತುಂಬುತೋಳಿನ ಅಂಗಿ ಬೇಕು. ನೀರು ಹಚ್ಚಿ ಕೈಯಿಂದ ಉಜ್ಜಿದರೆ ಧೂಳು ಏಳುವುದು ಕಡಿಮೆ. ವಿದ್ಯುತ್ ಯಂತ್ರವಿದ್ದಲ್ಲಿ ಮಾತ್ರ ನೀರಿನ ಆಟ ಕೂಡದು.

ವಿದ್ಯಾರ್ಥಿಗಳು ಈ ಕೆಲಸವನ್ನು ತೆಂಗಿನ ಚಿಪ್ಪಿನಿಂದಲೇ ಆರಂಭಿಸಬಹುದು. ಚಿಪ್ಪಿನ ಮೈಯನ್ನು ನಾಲ್ಕು ಪಾಲು ಮಾಡಿ, ಮೊದಲು ಎಲ್ಲವನ್ನೂ 80ರಲ್ಲಿ ಉಜ್ಜಿರಿ. ಒಂದು ಪಾಲನ್ನು ಅಲ್ಲಿಗೇ ಬಿಟ್ಟು, ಉಳಿದವನ್ನು ಹಂತ ಬಿಡದೆ ಮುಂದುವರಿಸಿ, ಕ್ರಮವಾಗಿ 220, 400, 1000ರಲ್ಲಿ ಒಂದೊಂದನ್ನು ನಿಲ್ಲಿಸಿರಿ. ದೀಪದ ಬೆಳಕಿನಲ್ಲಿ ಹೊರಳಿಸಿ, ಭೂತಗನ್ನಡಿಯಿಂದ ನೋಡಿರಿ. ಹೊಳಪೆಂಬುದು ಗೀರಿಲ್ಲದ ಸ್ಥಿತಿಯಲ್ಲ, ಕಣ್ಣಿಗೆ ನಿಲುಕದಷ್ಟು ಕಿರಿದಾದ ಗೀರುಗಳ ಸ್ಥಿತಿ ಎಂಬುದು ಆಗ ಮನದಟ್ಟಾಗುವುದು.